ಪುಟ್ಟಿ, ಗಾಡಿ ಮಾರುವ ಮೊದಲು ಇದನ್ನು ಕೇಳು

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡಲಿಕ್ಕೆ ನನ್ನಿಂದಾಗುವುದಿಲ್ಲ, ಕನ್ನಡಕ ಎಲ್ಲಿಟ್ಟಿದ್ದೇನೋ ಏನೋ. ಮಾತಲ್ಲೇ ಹೇಳುತ್ತೇನೆ. ಉದ್ದ ಆಯ್ತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ.

ಸುರತ್ಕಲ್ ದಾಟಿ 80ಕ್ಕೆ ಹೋದರೆ ಆಲ್ಟೋ ತೇಲಿದ ಹಾಗಾಗುತ್ತದೆ, ಮುಲ್ಕಿ ಸೇತುವೆ ಮೇಲೆ ಬಸ್ಸು ಓವರ್‌ಟೇಕ್ ಮಾಡಿದರೆ ಅದರ ಕಡೆಗೇ ಎಳೆಯುತ್ತದೆ, ಮುಂದಿನ ಎರಡು ಟಯರ್ ಹೊಸತು ಹಾಕಿಸಿದರೂ ಸರಿಯಾಗಲಿಲ್ಲ, ಮಾರಿಬಿಡಲಾ ಅಂತ ಕೇಳಿದ್ದೀ. ಮಾರುವುದು ಎಂತಕ್ಕೆ ಮಾರಾಯ್ತಿ? ಗಾಡಿಗೆ ಸುಮ್ನೆ ಬೈಯಬೇಡ. 700 ಚಿಲ್ಲರೆ ಕಿಲೋ ತೂಕ, 12 ಇಂಚಿನ ಚಕ್ರ. ಅದು ಎಷ್ಟು ಅಂತ ತಡೆದುಕೊಳ್ಳುತ್ತದೆ? ಬಸ್ಸು ಹತ್ತಿರ ಬರುವಾಗ ಅದರ ಮೂತಿ ಗಾಳಿಯನ್ನು ತಳ್ಳುತ್ತದೆ, ನೀನು ಆಚೆ ಹೋಗುತ್ತೀ. ಬಸ್ಸಿನ ಹೊಟ್ಟೆ ಪಕ್ಕಕ್ಕೆ ಬಂತೋ, ಅದೇ ಗಾಳಿ ಒಳಗೆ ಸೆಳೆಯುತ್ತದೆ. ಸೇತುವೆ ಮೇಲೆ ಮರವೂ ಇಲ್ಲ, ಮನೆಯೂ ಇಲ್ಲ, ಕಡಲ ಗಾಳಿ ಅಡ್ಡ ಹೊಡೆಯುವುದು ಬೇರೆ. ದೊಡ್ಡ ಗಾಡಿಯವರಿಗೆ ಇದು ಗೊತ್ತೂ ಆಗುವುದಿಲ್ಲ.

ನನ್ನ ಮರವಂತೆ ಕತೆ ನಿಮಗೆಲ್ಲ ಗೊತ್ತುಂಟು. ಆದರೆ ನಿಮಗೆ ಗೊತ್ತಿರುವುದು ನಿಮ್ಮ ದೊಡ್ಡಪ್ಪ ಹೇಳಿದ ಕತೆ. ನಾನು ಹೇಳುವುದು ಬೇರೆ.

2004ರ ಮೇ ತಿಂಗಳು. ಬೈಂದೂರಿನ ಭಾವನ ಮಗನ ಉಪನಯನ. ನಮ್ಮ ಮಾರುತಿ 800ರಲ್ಲಿ ಐದು ಜನ. ಡಿಕ್ಕಿಯಲ್ಲಿ ಒಂದು ಗೋಣಿ ತೆಂಗಿನಕಾಯಿ. ಮೇಲೆ ಕ್ಯಾರಿಯರ್‌ನಲ್ಲಿ ಐದು ಹಲಸಿನ ಹಣ್ಣು, ಒಂದೊಂದೂ ಕಾಲುಕಟ್ಟಿದ ಹಂದಿಯ ಹಾಗೆ. ಬೇಡ ಅಂತ ಮೂರು ಸಲ ಹೇಳಿದ್ದೆ. ಯಾರು ಕೇಳುತ್ತಾರೆ? ಗಾಡಿ ಬಿಡುತ್ತಿದ್ದವಳು ನಾನು. ಆಗ ಅದು ಹೆದ್ದಾರಿ 17, ಈಗಿನ ಹಾಗೆ ಬೇರೆ ಬೇರೆ ದಾರಿ ಇಲ್ಲ, ಎದುರಿಂದಲೂ ಅದೇ ರಸ್ತೆಯಲ್ಲಿ ಬರಬೇಕು. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಮಧ್ಯಾಹ್ನ ಕಳೆದಿತ್ತು, ಕಡಲ ಗಾಳಿ ಜೋರು. ಗಾಡಿ ಬಲಕ್ಕೆ ಸರಿಯದ ಹಾಗೆ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೇ ಹಿಡಿದುಕೊಂಡಿದ್ದೆ. ಎದುರಿಂದ ಒಂದು ಲಾರಿ ಬಂತು. ದಾಟುವಾಗ ಎಳೆಯಿತು ನೋಡು! ದೊಡ್ಡಪ್ಪ ಪಕ್ಕದಲ್ಲಿ ಕೂತು ‘ಬ್ರೇಕ್, ಬ್ರೇಕ್’ ಅಂತ ಬೊಬ್ಬೆ. ಬೊಬ್ಬೆಗೆ ಹೆದರಿ ಬ್ರೇಕ್ ಒತ್ತಿದೆ, ಸ್ಟೇರಿಂಗನ್ನೂ ಎಡಕ್ಕೆ ಎಳೆದೆ. ಹಿಂಭಾಗ ಹಾವಿನ ಬಾಲದ ಹಾಗೆ ಬೀಸಿತು. ಸೀದಾ ಹೊಯ್ಗೆಯಲ್ಲಿ ಹೋಗಿ ಹೂತು ನಿಂತೆವು. ಲಾರಿ ಒಂದೇ ಒಂದು ಕ್ಷಣ ತಡವಾಗಿ ಬಂದಿದ್ದರೆ ಈ ಗ್ರೂಪಿನಲ್ಲಿ ಇಬ್ಬರು ಇರುತ್ತಿರಲಿಲ್ಲ. ಹಲಸು ಉರುಳಿ ಒಡೆದು ಪರಿಮಳವೋ ಪರಿಮಳ. ಮೀನು ಒಣಗಿಸುತ್ತಿದ್ದ ಹೆಂಗಸರೇ ಓಡಿ ಬಂದು ಗಾಡಿ ತಳ್ಳಿಕೊಟ್ಟದ್ದು.

ಅದಕ್ಕೇ ಹೇಳುವುದು ಪುಟ್ಟಿ, ಗಾಡಿ ಅಲ್ಲಾಡಿದಾಗ ಬ್ರೇಕ್ ಒತ್ತಬೇಡ. ಸ್ಟೇರಿಂಗ್ ಎಳೆಯಬೇಡ. ಎಕ್ಸಿಲರೇಟರ್‌ನಿಂದ ಮೆಲ್ಲ ಕಾಲು ತೆಗೆ, ಎರಡೂ ಕೈಯಲ್ಲಿ ನೇರ ಹಿಡಿ, ಅಷ್ಟೇ.

ಆಮೇಲೆ ಮುಂದೆ ಸಿಕ್ಕಿದ ಪಂಕ್ಚರ್ ಅಂಗಡಿಯ ಹುಡುಗ ಗಾಳಿ ನೋಡಿದ. ಹಿಂದಿನ ಎಡಗಡೆ ಟಯರ್‌ನಲ್ಲಿ ಗಾಳಿ ಬರೀ 16 ಪಾಯಿಂಟ್! ಹಿಂದೆ ಅಷ್ಟು ಭಾರ, ತಲೆಯ ಮೇಲೆ ಹಲಸು, ಕೆಳಗೆ ಮೆತ್ತಗಿನ ಟಯರ್. ಇನ್ನು ಬಾಲ ಬೀಸದೆ ಇರುತ್ತದಾ? ಆದರೆ ಉಪನಯನದ ಮನೆಯಲ್ಲಿ ಸುದ್ದಿ ಆದದ್ದು ಏನು? ‘ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹಾಗೆಯೇ.’ ಭಾವ ಹೇಳಿದರು, ಊಟದ ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು! ಹಿಂದಿನ ದಿನ ಗಾಳಿ ನೋಡಿಸುತ್ತೇನೆ ಅಂತ ಗಾಡಿ ತೆಗೆದುಕೊಂಡು ಹೋದವರು ಅವರೇ. ಬಂಕ್‌ನಲ್ಲಿ ರಶ್ ಇತ್ತಂತೆ, ಹಾಗೇ ಬಂದರಂತೆ. ಅದನ್ನು ಒಪ್ಪಿಕೊಂಡದ್ದು ಆರು ವರ್ಷ ಬಿಟ್ಟು, ಅದೂ ಜ್ವರ ಬಂದು ಮಲಗಿದ್ದಾಗ. ಆ ಕ್ಯಾರಿಯರನ್ನು ಭಾವ ತೆಗೆದುಕೊಂಡು ಹೋದರು, ಇವತ್ತಿನವರೆಗೆ ವಾಪಸ್ ಬಂದಿಲ್ಲ. ಈಗಲೂ ಯಾವ ಮದುವೆಗೆ ಹೋದರೂ ‘ಏನತ್ತಿಗೆ, ಬಸ್ಸಿನಲ್ಲೇ ಬಂದಿರಾ?’ ಅಂತ ಕೇಳುತ್ತಾರೆ. ನಾನು ಎರಡು ಸಲ ಒಬ್ಬಳೇ ಶಿರಾಡಿ ಘಾಟಿ ಹತ್ತಿಸಿದವಳು. ಅದು ಯಾರ ಬಾಯಲ್ಲೂ ಬರುವುದಿಲ್ಲ.

ಅಯ್ಯೋ, ನಿನ್ನ ಗಾಡಿಯ ವಿಷಯ ಬಿಟ್ಟೇ ಹೋಯಿತಲ್ಲ. ಹೊಸ ಟಯರ್ ಎರಡನ್ನೂ ಮುಂದೆ ಹಾಕಿಸಿದ್ದೀ ಅಂದೆಯಲ್ಲ, ನನಗೆ ಅಲ್ಲೇ ಅನುಮಾನ. ಎರಡೇ ಹೊಸತು ಹಾಕಿಸುವುದಾದರೆ ಅವು ಹಿಂದೆ ಹೋಗಬೇಕು. ಸವೆದದ್ದು ಹಿಂದೆ ಉಳಿದರೆ ಬಾಲಕ್ಕೆ ಹಿಡಿತ ಇಲ್ಲ, ಮಳೆಗಾಲದಲ್ಲಂತೂ ಜಾರಿಯೇ ಜಾರುತ್ತದೆ. ನಾಳೆಯೇ ಅದಲುಬದಲು ಮಾಡಿಸು. ಗಾಳಿ ಬೆಳಿಗ್ಗೆ, ಗಾಡಿ ಓಡಿಸುವ ಮೊದಲು ನೋಡಿಸಬೇಕು. ಓಡಿ ಬಿಸಿಯಾದರೆ ಲೆಕ್ಕ ಜಾಸ್ತಿ ತೋರಿಸುತ್ತದೆ, ಸರಿ ಉಂಟು ಅಂತ ಮೋಸ ಹೋಗುತ್ತೀ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಚೀಟಿ ಅಂಟಿಸಿರುತ್ತಾರೆ. ಜನ ತುಂಬಿದರೆ ಎಷ್ಟು ಅಂತ ಬೇರೆ ಲೆಕ್ಕ ಇರುತ್ತದೆ, ಅದನ್ನೂ ನೋಡು. ಟಯರ್‌ನ ಪಕ್ಕದಲ್ಲಿ DOT ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಉಂಟು. 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳತಾದರೆ ಟಯರ್‌ನ ಗ್ರಿಪ್ ಚೆನ್ನಾಗಿದ್ದರೂ ತೆಗೆಸು.

80ರ ಮೇಲೆ ಸ್ಟೇರಿಂಗ್ ನಡುಗುವುದಾದರೆ ಬ್ಯಾಲೆನ್ಸಿಂಗ್ ಮಾಡಿಸು, ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡಿಸುವುದು. ಒಂದೇ ಕಡೆ ಎಳೆಯುವುದು, ಟಯರ್ ಒಂದೇ ಅಂಚಿನಲ್ಲಿ ಸವೆಯುವುದು ಇದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆ ಸರಿ ಮಾಡಿಸುವುದು. ಇಷ್ಟೆಲ್ಲ ಮಾಡಿಸಿಯೂ ತೇಲಿದರೆ ಆಮೇಲೆ ಚಕ್ರದ ಹತ್ತಿರದ ಕೀಲುಗಳು, ಅದೇ ಬುಷ್, ಬಾಲ್ ಜಾಯಿಂಟ್ ನೋಡಿಸು. ಮೊದಲೇ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಅಂದರೆ ಒಪ್ಪಬೇಡ. ಮತ್ತೆ, ಬ್ರೇಕ್ ಒತ್ತಬೇಡ ಅಂದದ್ದು ನೆನಪಿರಲಿ. ಕಾಲು ತೆಗೆಯುವುದು ಮಾತ್ರ.

ಹಿಂದಿನ ಟಯರ್‌ನಲ್ಲಿ ಗಾಳಿ ಎಷ್ಟಿತ್ತು ಅಂತ ನನಗೆ ಹೇಳು. ಗ್ರೂಪಿನಲ್ಲಿ ಹಾಕಬೇಡ, ಫೋನ್ ಮಾಡು. ಇಲ್ಲಿ ಭಾವನೂ ಇದ್ದಾರೆ.