ಪದಚರ್ಚೆ: ಜಲಪಾತದ ‘ಎತ್ತರ’ ಎಂದರೆ ಯಾವ ಎತ್ತರ?

ಮಾನ್ಯರೇ,

ಉಡುಪಿ ಜಿಲ್ಲೆಯ ನದಿಗಳ ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಕಿರುಬರಹವೊಂದನ್ನು ಸಿದ್ಧಪಡಿಸುವಾಗ ಎದುರಾದ ಪ್ರಶ್ನೆಯನ್ನು ಬಳಗದ ಮುಂದಿಡುತ್ತಿದ್ದೇನೆ. ಶರಾವತಿಯ ಜೋಗ 253 ಮೀಟರ್ ಎತ್ತರದ್ದೆಂದೂ, ನಮ್ಮ ಜಿಲ್ಲೆಗೆ ಇಳಿದು ಬರುವ ವಾರಾಹಿಯ ಕುಂಚಿಕಲ್ ಅಬ್ಬಿ 455 ಮೀಟರ್ ಎತ್ತರದ್ದೆಂದೂ ಸಾಮಾನ್ಯವಾಗಿ ಬರೆಯುತ್ತಾರೆ. ಇದನ್ನೋದಿದ ವಿದ್ಯಾರ್ಥಿ ಎರಡನ್ನೂ ಒಂದೇ ಬಗೆಯ ಅಳತೆಯೆಂದು ತಿಳಿಯುವುದು ಸಹಜ. ಆದರೆ ಜೋಗದ ‘ರಾಜಾ’ ಕವಲು ಮೇಲಿನ ಬಂಡೆಯಂಚಿನಿಂದ ತಳದವರೆಗೆ ನಡುವೆಲ್ಲಿಯೂ ಕಾಲೂರದೆ ಬೀಳುತ್ತದೆ. ಕುಂಚಿಕಲ್ಲಿನಲ್ಲಿ ನೀರು ಬಂಡೆಯಿಂದ ಬಂಡೆಗೆ ಹಂತ ಹಂತವಾಗಿ ಇಳಿಯುತ್ತದೆ, 455 ಎಂಬುದು ಆ ಎಲ್ಲ ಹಂತಗಳ ಮೊತ್ತ. ಮೊದಲನೆಯದನ್ನು ‘ನೇರ ಧುಮುಕು’ ಎಂದೂ ಎರಡನೆಯದನ್ನು ‘ಒಟ್ಟು ಇಳಿತ’ ಎಂದೂ ಬೇರ್ಪಡಿಸಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ‘ಬೀಳು’ ಎನ್ನಲು ಮನಸ್ಸಾಗಿತ್ತು. ಆದರೆ ಉಳದೆ ಬಿಟ್ಟ ಹೊಲಕ್ಕೆ ಅದು ಆಗಲೇ ಸಂದುಹೋಗಿದೆ.

ಈ ಭೇದ ಲೆಕ್ಕದ್ದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪಶ್ಚಿಮ ಘಟ್ಟದ ಕಡಲ ಕಡೆಯ ಮಗ್ಗುಲು ಕಡಿದಾಗಿದ್ದು, ಪಶ್ಚಿಮಕ್ಕೆ ಹರಿಯುವ ನದಿಗಳು ಕಡಿಮೆ ದೂರದಲ್ಲಿಯೇ ನೂರಾರು ಮೀಟರ್ ಇಳಿದುಬಿಡಬೇಕಾಗುತ್ತದೆ. ಶರಾವತಿಯಾದರೋ ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಮಲೆನಾಡಿನ ಮೇಲುನೆಲದಲ್ಲಿ ಬಹುದೂರ ಹರಿದು, ಗಟ್ಟಿ ಬಂಡೆಯ ಅಂಚಿನಿಂದ ಒಮ್ಮೆಗೇ ಕೆಳಗಿನ ಕಣಿವೆಗೆ ಧುಮುಕುತ್ತದೆ. ಬಂಡೆಯಲ್ಲಿ ಬಿರುಕುಗಳು ನೆಟ್ಟಗಿದ್ದು, ಅವುಗಳ ಉದ್ದಕ್ಕೂ ಕಲ್ಲು ಕಳಚಿ ಬಿದ್ದರೆ ಗೋಡೆಯಂಥ ಮುಖ ಉಳಿಯುತ್ತದೆ. ಗಟ್ಟಿ ಮತ್ತು ಮೆದು ಭಾಗಗಳು ಒಂದರ ಕೆಳಗೊಂದು ಬಂದರೆ ಹಂತಗಳು ಮೂಡುತ್ತವೆ. ಎಂದರೆ, ‘ಧುಮುಕು’ ಮತ್ತು ‘ಇಳಿತ’ ಎಂಬ ಎರಡು ಪದಗಳು ಬಂಡೆಯ ಗುಣವನ್ನೂ ಒಂದಿಷ್ಟು ಸೂಚಿಸುವಂತಾಗುತ್ತದೆ.

ಬಿದ್ದ ನೀರು ಕಲ್ಲುಗುಂಡುಗಳನ್ನು ಗಿರಗಿರನೆ ತಿರುಗಿಸುತ್ತ ತಳದಲ್ಲಿ ಕೊರೆಯುವ ಹಳ್ಳಕ್ಕೆ ನಾನು ‘ಗುಂಡಿ’ ಎಂದೇ ಬರೆದಿದ್ದೇನೆ. ಆಗುಂಬೆಯ ಜೋಗಿಗುಂಡಿಯಲ್ಲಿ ಈ ಪದ ಜನರ ಬಾಯಲ್ಲೇ ಇರುವಾಗ ‘ಪ್ರಪಾತಕುಂಡ’ದಂಥ ಹೊಸ ಸಮಾಸ ಅನಗತ್ಯ, ಅಲ್ಲದೆ ಕನ್ನಡದ ಓದುಗನಿಗೆ ಪ್ರಪಾತವೆಂದರೆ ನೀರಿಲ್ಲದ ಕಡಿದಾದ ಕೊರಕಲೂ ಆಗಬಹುದು. ಗುಂಡಿಯ ಹಿಂಬದಿಯ ಬುಡ ಸವೆದು ಮೇಲಿನ ಬಂಡೆ ಆಸರೆ ತಪ್ಪಿ ಉರುಳಿದಾಗ ಜಲಪಾತ ನದಿಯ ಮೂಲದತ್ತ ಸರಿಯುತ್ತದೆ. ಇದಕ್ಕೆ ‘ಹಿಂಸರಿತ’ ಎಂದಿದ್ದೇನೆ, ಆಕ್ಷೇಪವಿದ್ದರೆ ತಿಳಿಸಬೇಕು.

ಇನ್ನು ‘ಅಬ್ಬಿ’. ತುಳುವಿನ ‘ಅರ್ಬಿ’, ತಮಿಳಿನ ‘ಅರುವಿ’ ಇದರ ಬಳಗದವು. ಹಳಗನ್ನಡದ ‘ಇರ್ಬರ್’ ಇಂದು ‘ಇಬ್ಬರು’ ಆದ ದಾರಿಯಲ್ಲೇ ಅರ್ಬಿ ಅಬ್ಬಿಯಾಗಿದೆ. ಬೆಳ್ತಂಗಡಿ ಕಡೆಯ ಬಂಡಾಜೆ ಅರ್ಬಿಯ ಹೆಸರಿನಲ್ಲಿ ಹಳೆಯ ರೂಪ ಹಾಗೆಯೇ ಉಳಿದಿದೆ. ಒಟ್ಟು ಜಲಪಾತಕ್ಕೆ ಇದು ಸಾಕು. ಅದರ ಒಂದೊಂದು ಹಂತಕ್ಕೆ ಕುಂದಾಪುರ ಕನ್ನಡದಲ್ಲಾಗಲಿ, ಹೆಬ್ರಿ ಕಡೆಯ ತುಳುವಿನಲ್ಲಾಗಲಿ ಬೇರೆ ಹೆಸರಿದೆಯೇ? ಹೊಸಂಗಡಿ, ಸಿದ್ದಾಪುರದ ಸುತ್ತಿನ ಸದಸ್ಯರು ಊರಿನ ಹಿರಿಯರನ್ನು ಕೇಳಿ, ಪದವನ್ನು ಅದು ಬಳಕೆಯಾಗುವ ವಾಕ್ಯದೊಡನೆ ಕಳುಹಿಸಿಕೊಟ್ಟರೆ ಉಪಕಾರವಾಗುತ್ತದೆ.