ಕರಾವಳಿಯ ಹ್ಯಾಮ್‌ಗಳಿಗೆ (ಹವ್ಯಾಸಿ ರೇಡಿಯೋದವರಿಗೆ) 44ರ ಇಂಟರ್ನೆಟ್ ವಿಳಾಸ: ಒಟ್ಟಾಗಿ ಕೇಳುವನಾ?

ಕಾಪು_ಆಂಟೆನಾ: ಹೋದ ತಿಂಗಳು ಫೈಬರ್ ಬದಲಿಸಿದೆ. ಅವತ್ತಿನಿಂದ ನನ್ನ ಎಕೋಲಿಂಕ್ ನೋಡ್‌ಗೆ (ರೇಡಿಯೋ ಮಾತನ್ನು ಇಂಟರ್ನೆಟ್‌ಗೆ ಜೋಡಿಸುವ ಕೊಂಡಿ) ಹೊರಗಿನಿಂದ ಯಾರಿಗೂ ಬರ್ಲಿಕ್ಕೆ ಆಗ್ತಿಲ್ಲ. ರೌಟರಿನಲ್ಲಿ ಎಕೋಲಿಂಕ್‌ಗೆ ಬೇಕಾದ ಯುಡಿಪಿ ಪೋರ್ಟ್ 5198, 5199 ಎರಡೂ ತೆರೆದಿಟ್ಟಿದ್ದೇನೆ. ಆದ್ರೆ ರೌಟರಿಗೆ ಸಿಕ್ಕಿದ ವಿಳಾಸವೇ 100.72ರಿಂದ ಶುರು, ಅಂದ್ರೆ ಸಿಜಿನ್ಯಾಟ್: ಒಂದೇ ವಿಳಾಸದ ಹಿಂದೆ ಎಷ್ಟೋ ಮನೆ. ನಮಗೇ ಮೀಸಲಾದ ಸ್ಥಿರ ವಿಳಾಸಕ್ಕೆ (ಸ್ಟ್ಯಾಟಿಕ್ ಐಪಿ) ಬೇರೆ ದುಡ್ಡು ಕೇಳ್ತಾರೆ. 44ರಿಂದ ಶುರುವಾಗುವ ವಿಳಾಸಗಳನ್ನು 1981ರಲ್ಲೇ ಹ್ಯಾಮ್‌ಗಳಿಗೆ ಅಂತ ಕೊಟ್ಟದ್ದು, ಲೈಸೆನ್ಸ್ ತೋರಿಸಿದ್ರೆ ಪುಕ್ಕಟೆ. ಮಂಗಳೂರು, ಉಡುಪಿಯವರು ಸೇರಿ ಕೇಳುವ.

ಕದ್ರಿ_ಗುಡ್ಡೆ: 2019ರಲ್ಲಿ ಅದರ ಕಾಲು ಭಾಗವನ್ನು ಅಮೆಜಾನ್‌ಗೆ ಮಾರಿದ್ದು ನೆನಪುಂಟಾ? ಸುಮಾರು 42 ಲಕ್ಷ ವಿಳಾಸ. ಪ್ರಪಂಚದ ಹ್ಯಾಮ್‌ಗಳನ್ನು ಒಂದು ಮಾತು ಕೇಳದೆ! ನನಗೆ ಇನ್ನೂ ಸಮಾಧಾನ ಇಲ್ಲ.

ಮಣಿಪಾಲ_ಪ್ಯಾಕೆಟ್: ಬೇಸರ ನನಗೂ ಆಗಿತ್ತು ಅಣ್ಣ. ಆದ್ರೆ ಆ ಹಣದಿಂದಲೇ ಎಆರ್‌ಡಿಸಿ (44ರ ವಿಳಾಸ ನೋಡಿಕೊಳ್ಳುವ, ಅದನ್ನು ಮಾರಿದ ಸಂಸ್ಥೆ) ಈಗ ಹ್ಯಾಮ್ ಯೋಜನೆಗಳಿಗೆ ಅನುದಾನ ಕೊಡ್ತಿರುವುದು. ಉಳಿದದ್ದೇ 1 ಕೋಟಿ 25 ಲಕ್ಷ ಉಂಟು, ನಾವು ಬಳಸಬೇಕಷ್ಟೆ. 44ರ ವಿಳಾಸವನ್ನು ಇಂಟರ್ನೆಟ್ ಮೂಲಕ ಮನೆಗೆ ತರುವ ಹಳೆಯ ದಾರಿ ಐಪಿಐಪಿ ಟನೆಲ್, ಅದು ಸಿಜಿನ್ಯಾಟ್ ದಾಟುವುದಿಲ್ಲ, ಅದನ್ನು ಹಿಡಿದು ಕೂರಬೇಡಿ. ವೈರ್‌ಗಾರ್ಡ್ (ಗುಪ್ತಲಿಪಿಯಲ್ಲಿ ಓಡುವ ಹೊಸ ಟನೆಲ್) ದಾಟ್ತದೆ, ನಮ್ಮ ಕಡೆಯಿಂದಲೇ ಹೊರಗೆ ಹೋಗಿ ದಾರಿ ಮಾಡಿಕೊಳ್ತದೆ.

ಉಳ್ಳಾಲ_ಕಡಲು: ಹೊಸ ಬಗೆಯ ವಿಳಾಸ ಐಪಿವಿ6 ಈಗಾಗ್ಲೇ ಮನೆಮನೆಗೆ ಬಂದಿದೆ. ಮತ್ತೆ 44ರಂಥ ಹಳೆಯ ಐಪಿವಿ4 ವಿಳಾಸಕ್ಕೆ ಯಾಕೆ ಇಷ್ಟು ಕಷ್ಟ?

ಕಾಪು_ಆಂಟೆನಾ: ಎಕೋಲಿಂಕ್‌ಗೆ ಐಪಿವಿ4 ಬೇಕೇ ಬೇಕು. ಎಪಿಆರ್‌ಎಸ್ ಐಗೇಟ್ (ರೇಡಿಯೋದಲ್ಲಿ ಬಂದ ಸ್ಥಳ, ಸಂದೇಶಗಳನ್ನು ಇಂಟರ್ನೆಟ್‌ಗೆ ದಾಟಿಸುವ ಪೆಟ್ಟಿಗೆ) ಆದ್ರೆ ಏನೂ ಬೇಡ, ಅದು ತಾನೇ ಹೊರಗಿನ ಸರ್ವರಿಗೆ ಹೋಗಿ ಕೂರ್ತದೆ.

ಬೈಂದೂರು_ಮಳೆ: ನೀವೆಲ್ಲ ಕರೆಂಟ್, ಫೈಬರ್ ಇರುವ ದಿನದ ಮಾತಾಡ್ತಿದ್ದೀರಿ. ಹಿಂದಿನ ಆಟಿಯಲ್ಲಿ ಹಲಸಿನ ಮರ ಬಿದ್ದು ನಮ್ಮಲ್ಲಿ ಮೂರು ದಿನ ಎರಡೂ ಇಲ್ಲ. ಕಾರಿನ ಬ್ಯಾಟರಿಗೆ ಕಟ್ಟಿದ ಎರಡು ಮೀಟರ್ ಬ್ಯಾಂಡಿನ ರೇಡಿಯೋ ಸೆಟ್ಟಿನಲ್ಲೇ ಅಕ್ಕನ ಮನೆಯ ಸುದ್ದಿ ತಿಳಿದದ್ದು. ಆಗ 44 ಇದ್ದು ಎಂಥ ಪ್ರಯೋಜನ?

ಮಣಿಪಾಲ_ಪ್ಯಾಕೆಟ್: ಪ್ರಯೋಜನ ಅಲ್ಲೇ ಇರುವುದು ಮಾರಾಯ್ರೆ! 44ರ ವಿಳಾಸ ಯಾವ ಫೈಬರ್ ಕಂಪೆನಿಗೂ ಕಟ್ಟಿಬಿದ್ದದ್ದಲ್ಲ. ಗುಡ್ಡೆಯಿಂದ ಗುಡ್ಡೆಗೆ ಮೈಕ್ರೋವೇವ್ ಲಿಂಕ್ ಹಾಕಿದ್ರೆ ಅದೇ ವಿಳಾಸ ಅದರ ಮೇಲೂ ಓಡ್ತದೆ. ಯುರೋಪಿನ ಹ್ಯಾಮ್‌ಗಳ ಜಾಲ ಹ್ಯಾಮ್‌ನೆಟ್ ನಡೆಯುವುದೇ ಹಾಗೆ. ಫೈಬರ್ ಕಡಿದ್ರೆ ಹೊರಜಗತ್ತು ಹೋದೀತು, ನಮ್ಮೊಳಗಿನ ಸಂದೇಶ ನಿಲ್ಲುವುದಿಲ್ಲ. ಒಂದು ಎಚ್ಚರ: ಹ್ಯಾಮ್ ಬ್ಯಾಂಡಿನಲ್ಲಿ ಗುಪ್ತಲಿಪಿ ನಿಷಿದ್ಧ, ಅಲ್ಲಿ ವೈರ್‌ಗಾರ್ಡ್ ಓಡಿಸುವ ಹಾಗಿಲ್ಲ.

ಬೈಂದೂರು_ಮಳೆ: ಹಾಗಾದ್ರೆ ಮೊದಲು ಲಿಂಕ್, ಆಮೇಲೆ ವಿಳಾಸ. ಅದೂ ಮಳೆಗಾಲದಲ್ಲೇ ಪರೀಕ್ಷೆ ಆಗ್ಬೇಕು. 5.8 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಅಲೆಗೆ ನಡುವೆ ಒಂದು ಒದ್ದೆ ತೆಂಗಿನ ಗರಿ ಬಂದ್ರೂ ಸಿಗ್ನಲ್ ಕುಸೀತದೆ, ನಮ್ಮೂರಲ್ಲಿ ತೆಂಗು ಇಲ್ಲದ ದಿಕ್ಕು ಯಾವುದು?

ಕದ್ರಿ_ಗುಡ್ಡೆ: ಈ ಮಾತು ಸರಿ. ಅರ್ಜಿಗೆ ನನ್ನ ಕಾಲ್‌ಸೈನೂ (ಲೈಸೆನ್ಸಿನ ಗುರುತು) ಹಾಕಿ. ಹಳೆಯ ಬೇಸರ ಇರಲಿ, ಕೆಲಸ ಆಗಲಿ.

ಕಾಪು_ಆಂಟೆನಾ: ಆಯ್ತು, ಎರಡೂ ಜೊತೆಗೇ ಶುರು ಮಾಡುವ. ಅರ್ಜಿ ನಾನು ಬರೀತೇನೆ. ನಮ್ಮ ತಾರಸಿಯಿಂದ ಮಣಿಪಾಲದ ಗುಡ್ಡೆ ಕಾಣ್ತದೆ, ನಡುವೆ ಅಡ್ಡ ಬರುವುದು ಪಕ್ಕದ ಮನೆಯವರ ಎರಡು ತೆಂಗಿನಮರ. ಆದಿತ್ಯವಾರ ಪೈಪು ಏರಿಸಿ ನೋಡ್ತೇನೆ. ಆ ಕಡೆಯ ಡಿಶ್ ಹಿಡ್ಕೊಳ್ಳಿಕ್ಕೆ ಯಾರು ಬರ್ತೀರಿ?