ಅಪ್‌ಡೇಟ್: ಒಂದೇ ಕೇಸಿನಲ್ಲಿ ಎರಡು ಕಂಪ್ಯೂಟರ್, ಕೊನೆಗೂ ಕೂತವು

ಹೋದ ವಾರ ಕೇಳಿದ್ದೆ: ಕೆಲಸದ ಕಂಪ್ಯೂಟರಿನ ಎಟಿಎಕ್ಸ್ (ದೊಡ್ಡ ಅಳತೆಯ) ಮದರ್‌ಬೋರ್ಡ್ ಇರುವ ಟವರ್ ಕೇಸಿನಲ್ಲೇ ಫೈಲ್ ಸರ್ವರಿಗೆ ಒಂದು ಮಿನಿ-ಐಟಿಎಕ್ಸ್ (ಪುಟ್ಟ ಅಳತೆಯ ಮದರ್‌ಬೋರ್ಡ್) ಕೂರಿಸಬಹುದಾ ಅಂತ. ಕೂರಿಸಿದೆ, ನಾಲ್ಕು ದಿನದಿಂದ ಎರಡೂ ಓಡುತ್ತಿವೆ.

ಮೊದಲು ಬೋರ್ಡಿಗೆ ಕರೆಂಟ್ ಕೊಡುವ 24 ಪಿನ್ನಿನ ವೈ ಕೇಬಲ್ (ಒಂದು ತುದಿ ಎರಡಾಗಿ ಕವಲೊಡೆಯುವಂಥದ್ದು) ಹಾಕಿ ಒಂದೇ ಪವರ್ ಸಪ್ಲೈಯನ್ನು ಎರಡಕ್ಕೂ ಹಂಚಿದೆ. ಸರಿಹೋಗಲಿಲ್ಲ. ಒಂದನ್ನು ಶಟ್‌ಡೌನ್ ಮಾಡಿದರೂ ಅದರ ಫ್ಯಾನ್ ಸುಮ್ನೆ ತಿರುಗುತ್ತಲೇ ಇತ್ತು. ಸಪ್ಲೈ ಆನ್ ಮಾಡುವ ಹಸಿರು ತಂತಿ ಎರಡಕ್ಕೂ ಒಂದೇ ಆದರೆ ಹಾಗೇ ಆಗೋದು ಅಲ್ವಾ!

ಕೈಹಿಡಿದದ್ದು, ಸರ್ವರಿನ 24 ಪಿನ್ ಸಾಕೆಟ್ಟಿಗೇ ನೇರ ಸಿಕ್ಕಿಸುವ, ಪವರ್ ಸಪ್ಲೈ ಕೆಲಸ ಮಾಡುವ ಪುಟ್ಟ ಡಿಸಿ ಬೋರ್ಡಿನ ಸಲಹೆ. ಹೊರಗಿನ 12 ವೋಲ್ಟ್ ಅಡಾಪ್ಟರ್ ಸಾಕು. ಸಲಹೆ ಕೊಟ್ಟವರಿಗೆ ಥ್ಯಾಂಕ್ಸ್. ಸರ್ವರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಕರೆಂಟ್ ಕಮ್ಮಿ ಸಾಕು, ಹಾಗಾಗಿ ಇದು ನಡೆಯಿತು.

ಜಾಗದ್ದೇ ಜಾಸ್ತಿ ತಲೆಬಿಸಿ ಅಂದುಕೊಂಡಿದ್ದೆ. ಹಾರ್ಡ್ ಡಿಸ್ಕ್ ಕೇಜ್ ತೆಗೆದರೆ 170 ಮಿ.ಮೀ. ಚೌಕದ ಬೋರ್ಡ್ ಆರಾಮಾಗಿ ಹಿಡಿಯಿತು. ತಲೆನೋವು ಬಂದದ್ದು ಎರಡನೇ ಪವರ್ ಬಟನ್ನಿಗೆ. ಡ್ರಿಲ್ ಮಾಡಿ ಅಂದಿದ್ದರು, ಬೇಕಾಗಲೇ ಇಲ್ಲ. ಕೇಸಿನ ರಿಸೆಟ್ ಬಟನ್ನಿನ ಎರಡು ಪಿನ್ ವೈರನ್ನು ಸರ್ವರಿನ ಪವರ್ ಪಿನ್ನಿಗೆ ಸಿಕ್ಕಿಸಿದೆ, ಅಷ್ಟೇ.

ಈಗ ಹಳೇ ಅಭ್ಯಾಸಕ್ಕೆ ರಿಸೆಟ್ ಒತ್ತಿ ಎರಡು ಸಲ ಸರ್ವರ್ ಆಫ್ ಮಾಡಿದ್ದೇನೆ.